ರಟ್ಟಿನ ತುಂಡುಗಳು

ಮಾರ್ಚ್ 3, 2021, ಬುಧವಾರ

ಆಸ್ಪತ್ರೆಯ ಆ ಹುಡುಗಿ ಹೇಳಿದಳೆಂದು ಬರೆಯುತ್ತಿದ್ದೇನೆ. "ರೋಗೀನ ನೋಡ್ಕೊಳ್ಳೋರು ದಿನಾ ಒಂದೆರಡು ಸಾಲು ಬರೀಬೇಕು ಮಿಸೆಸ್ ಹ್ರಿಂಕೊ, ಮನಸ್ಸು ಹಗುರ ಆಗುತ್ತೆ" ಅಂದಳು. ನನಗೆ ಬೇಕಾಗಿರುವುದು ಬರವಣಿಗೆಯಲ್ಲ, ಒಂದು ಒಳ್ಳೆಯ ನಿದ್ದೆ.

ಹಿಮ ಕರಗಿ ಮಹಡಿಯ ಸಣ್ಣ ಕೋಣೆ ಸೋರಿದೆ. ಅಲ್ಲಿದ್ದ ಎಮಿಲ್‌ನ ಕಾರ್ಡುಗಳ ಡಬ್ಬಗಳನ್ನೆಲ್ಲ ಒಬ್ಬಳೇ ಕೆಳಗೆ ಹೊತ್ತು ತಂದೆ. ನಡು ಬಿದ್ದುಹೋಗಿದೆ. ಐವತ್ತರ ದಶಕದ ಬೇಸ್‌ಬಾಲ್ ಆಟಗಾರರ ಮುಖಗಳಿರುವ ರಟ್ಟಿನ ತುಂಡುಗಳು. ಆಗಿನ ಕಾಲದಲ್ಲಿ ಚ್ಯೂಯಿಂಗ್ ಗಮ್ಮಿನ ಜೊತೆ ಮಕ್ಕಳಿಗೆ ಸಿಗುತ್ತಿದ್ದವು. ನಲವತ್ತು ವರ್ಷ ನನ್ನ ಗಂಡ ಅವನ್ನು ಕೂಡಿಹಾಕಿದ. ನಲವತ್ತು ವರ್ಷ ನಾನು ಅವುಗಳ ಧೂಳು ಹೊಡೆದೆ.

ಊಟದ ಮನೆಯ ಮೂಲೆಯಲ್ಲಿ ಡಬ್ಬಗಳನ್ನು ಕಂಡ ಎಮಿಲ್ "ಸರಿ ಸರಿ" ಎಂದ. ನವೆಂಬರಿನಲ್ಲಿ ಪಾರ್ಶ್ವವಾಯು ಹೊಡೆದಾಗಿನಿಂದ ಅವನ ಬಾಯಲ್ಲಿ ಉಳಿದಿರುವುದು ಅದೊಂದೇ. ಸೂಪು ಬೇಕಾ ಎಂದರೂ ಸರಿ ಸರಿ, ಬೇಡವಾ ಎಂದರೂ ಸರಿ ಸರಿ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಮಾರ್ಚ್ 5, ಶುಕ್ರವಾರ

ಚರ್ಚಿನ ಸಭಾಂಗಣದಿಂದ ಮೀನೂಟದ ಪೊಟ್ಟಣ ತಂದೆ. ಕೊರೋನಾದಿಂದಾಗಿ ಈ ವರ್ಷ ಒಳಗೆ ಕೂರಿಸುವುದಿಲ್ಲ. ಕಾರಿನ ಕಿಟಕಿಯಲ್ಲೇ ಕೈಗಿತ್ತು ಕಳಿಸುತ್ತಾರೆ. ಜೊತೆಗಿದ್ದ ಪಿಯೆರೋಗಿ ಕಡುಬು ತಣ್ಣಗಾಗಿತ್ತು.

ಕೊಲಂಬಸ್‌ನಿಂದ ಪೌಲಾ ಫೋನು ಮಾಡಿದಳು. "ಅಮ್ಮಾ, ಅಪ್ಪನ ಕಾರ್ಡು ಎಲ್ಲಿವೆ? ಜೋಪಾನ! ಜನ ಮನೇಲಿ ಕೂತು ಕೂತು ತಲೆ ಕೆಟ್ಟು ಹಳೇ ಕಾರ್ಡು ಕೊಳ್ತಿದಾರಂತೆ. ಹೋದ ವರ್ಷ ನೂರು ಡಾಲರ್ ಇದ್ದದ್ದು ಈಗ ಸಾವಿರ ಆಗಿದೆ. ಟೀವೀಲೂ ಬಂತು."

"ಹಾಗಾದ್ರೆ ಮಾರಿಬಿಡೋದೇ" ಎಂದೆ.

"ಈಗ್ಲೇ ಮಾರಬೇಕು. ಇದು ಬಹಳ ದಿನ ನಡೆಯೋ ಹುಚ್ಚಲ್ಲ."

ಇದು ನನಗೂ ಗೊತ್ತಿದ್ದದ್ದೇ. ಕಾಯಿಲೆಗೆ ಮುಂಚೆ ಇಡೀ ಬೇಸಿಗೆ ಎಮಿಲ್ ಗೊಣಗಿದ್ದ: "ನಮ್ಮಂಥವರ ಆಟ ಮುಗೀತು ಬರ್ನಿ. ಇನ್ನು ಇದು ದುಡ್ಡಿರೋರ ಆಟ." 1956ರಲ್ಲಿ ಅಚ್ಚಾದ ಕಾರ್ಡುಗಳ ಅವನ ಸೆಟ್ಟು ಪೂರ್ತಿಯಾಗಲು ಮೂರೇ ಮೂರು ಕಾರ್ಡು ಕಡಿಮೆಯಂತೆ. ಆ ಮೂರರ ಬೆಲೆ ಅವನ ಪಿಂಚಣಿಗಿಂತ ಜೋರಾಗಿ ಓಡುತ್ತಿತ್ತು.

ಊಟ ಮಾಡಿಸುತ್ತಾ ಕೇಳಿದೆ: "ಎಮಿಲ್, ಕಾರ್ಡು ಮಾರೋಣ್ವಾ?"

"ಸರಿ ಸರಿ."

ಆಯಿತಲ್ಲ, ಒಪ್ಪಿಗೆ ಸಿಕ್ಕಿತು.

ಮಾರ್ಚ್ 12, ಶುಕ್ರವಾರ

ಓರಿನ್ ಬಾಚಾನ ಕಾರ್ಡಿನ ಅಂಗಡಿಗೆ ಹೋಗಿದ್ದೆ. ಎಮಿಲ್ ಪ್ರತಿ ಶನಿವಾರ ಹೋಗುತ್ತಿದ್ದ ಜಾಗ. ಲಾಂಡ್ರಿಗೂ ಡೋನಟ್ ಅಂಗಡಿಗೂ ನಡುವೆ ಇಕ್ಕಟ್ಟಾಗಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಪ್ರಾಯದ ಗಂಡಸರು ಕಾರ್ಡಿನ ಕಡೆ ನೋಡುವುದೇ ಇಲ್ಲ, ಫೋನು ನೋಡಿ ಬೆಲೆ ಕೂಗುತ್ತಾರೆ. ಹಳೆಯ ಗಿರಾಕಿಗಳ ಕುರ್ಚಿಗಳನ್ನು ಓರಿನ್ ಎತ್ತಿ ಒಳಗಿಟ್ಟಿದ್ದಾನೆ.

"ಶನಿವಾರದವರು ಯಾರೂ ಬರಲ್ವಾ?" ಎಂದೆ.

"ಬಂದು ಏನು ಮಾಡ್ತಾರೆ ಮಿಸೆಸ್ ಹ್ರಿಂಕೊ? ಬೆಲೆ ಕೇಳಿ ನಿಟ್ಟುಸಿರು ಬಿಡೋಕೆ ಮನೇಲೇ ಜಾಗ ಇದೆಯಲ್ಲ." ನಕ್ಕ. ಆಮೇಲೆ ನಗು ಇಳಿಸಿ, "ವ್ಯಾಪಾರ ಇಷ್ಟು ಜೋರಾಗಿ ಯಾವತ್ತೂ ಇರ್ಲಿಲ್ಲ. ಆದ್ರೆ ಮಾತಾಡೋಕೆ ಒಬ್ಬರೂ ಇಲ್ಲ" ಎಂದ.

ಎಮಿಲ್‌ನ ಸೆಟ್ಟನ್ನು ಮಾರಬೇಕು ಅಂದೆ. ಅವನು ನನ್ನನ್ನು ಪಕ್ಕಕ್ಕೆ ಕರೆದ. "ಮೊದಲು ಒಂದೊಂದಾಗಿ ನೋಡಿ, ಸ್ಥಿತಿ ಬರ್ಕೊಳ್ಳಿ. ಮೂಲೆ ಮೊನಚಾಗಿದೆಯಾ, ಮಡಿಕೆ ಬಿದ್ದಿದೆಯಾ, ಚಿತ್ರ ನಡುಮಧ್ಯಕ್ಕಿದೆಯಾ. ಇಲ್ಲಾಂದ್ರೆ ಯಾರಾದ್ರೂ ಟೋಪಿ ಹಾಕ್ತಾರೆ. ನಾನೂ ಹಾಕಬಹುದು."

ಎಲ್ಲಕ್ಕೂ ಮೂಲೆಯೇ ಮುಖ್ಯವಂತೆ. ಮೂಲೆ ಒಂದು ಕೂದಲೆಳೆಯಷ್ಟು ಮೆತ್ತಗಾದರೆ ಬೆಲೆ ಅರ್ಧ. ಮನುಷ್ಯರಿಗೆ ಈ ನಿಯಮ ಇಲ್ಲದಿರುವುದು ನಮ್ಮ ಪುಣ್ಯ.

ಮಾರ್ಚ್ 20, ಶನಿವಾರ

ಊಟದ ಮೇಜು ಒರೆಸಿ ಪ್ಲಾಸ್ಟಿಕ್ ಕಿಸೆಗಳಲ್ಲಿ ಕಾರ್ಡು ಜೋಡಿಸಿಟ್ಟ 1956ರ ಪುಸ್ತಕ ಬಿಡಿಸಿದೆ. ಎಮಿಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ; ಬೇರೆಲ್ಲಿ ಕೂರಿಸಲಿ? ಪುಟ ತಿರುಗಿಸಲೆಂದು ಬೆರಳಿಗೆ ಉಗುಳು ಹಚ್ಚಿದೆ, ನೋಡಬೇಕಿತ್ತು! ಎಡಗೈಯಿಂದ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಕೆಂಪು ಗುರುತು ಬಿತ್ತು. "ಸರಿ ಸರಿ ಸರಿ!" ಎಂದು ಕೂಗಿದ. ಇಷ್ಟು ದಿನದಲ್ಲಿ ಅವನಿಗೆ ಸಿಟ್ಟು ಬಂದದ್ದು ಇದೇ ಮೊದಲು.

ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದೆ. ಆಗ ಸುಮ್ಮನಾದ.

ಮಾರ್ಚ್ 27, ಶನಿವಾರ

ಪ್ರತಿ ಕಾರ್ಡಿನಲ್ಲೂ ಆಟಗಾರನ ದೊಡ್ಡ ಮುಖ, ಹಿಂದೆ ಅವನೇ ಓಡುವ, ಜಾರುವ, ಹಾರುವ ಸಣ್ಣ ಚಿತ್ರ. ಯಾರೋ ಬಣ್ಣ ತುಂಬಿ ಬರೆದಿದ್ದಾರೆ, ಫೋಟೋ ಅಲ್ಲ. ಇಷ್ಟು ವರ್ಷ ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಚಿಕ್ ಮಹೋನಿ ಎಂಬವನ ಟೋಪಿಯ ಕೆಳಗಿನ ನೆರಳನ್ನು ಹಸಿರು ಬಣ್ಣದಲ್ಲಿ ಬರೆದಿದ್ದಾರೆ. ಹಸಿರು ನೆರಳು! ಆದರೂ ಸರಿಯಾಗಿಯೇ ಕಾಣುತ್ತದೆ.

ಎಲ್ಲಕ್ಕಿಂತ ದುಬಾರಿ ಗಸ್ ಲಾರ್ಕಿನ್. ನಮ್ಮ ಕ್ಲೀವ್‌ಲ್ಯಾಂಡಿನವನು. ಎಮಿಲ್ ಅದನ್ನು ಪೌಲಾ ಹುಟ್ಟಿದ ವರ್ಷ ತೊಂಬತ್ತು ಡಾಲರಿಗೆ ತಂದಿದ್ದ. ತೊಟ್ಟಿಲು ಕೊಳ್ಳಬೇಕಿದ್ದ ದುಡ್ಡು. ಮೂರು ವಾರ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಏಪ್ರಿಲ್ 6, ಮಂಗಳವಾರ

ವಿಮೆಯವರು ಫೋನು ಮಾಡಿದರು. ಮಾತು ಕಲಿಸುವ ತರಗತಿಗಳಿಗೆ ಇನ್ನು ಹಣ ಕೊಡುವುದಿಲ್ಲ. "ಪ್ರಗತಿ ಸಾಕಷ್ಟು ಕಂಡುಬಂದಿಲ್ಲ" ಎಂದಳು ಆ ಹೆಂಗಸು. ಗಂಟಲು ಜೇನಿನಂತಿತ್ತು.

ಪಾಠ ಮಾಡಲು ಬರುವ ಜನೇಲ್ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದಳು: "ಅವರ ತಲೆ ಒಳಗೆ ಎಲ್ಲಾ ಇದೆ ಬರ್ನಿ. ಬಾಗಿಲು ಜಾಮ್ ಆಗಿದೆ ಅಷ್ಟೆ. ಈಗ ನಿಲ್ಲಿಸಬೇಡಿ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಅವರನ್ನ ಏನಾದ್ರೂ ಕೇಳಿದ ಮೇಲೆ ನೀವು ಕಾಯೋದೇ ಇಲ್ಲ. ಉತ್ತರಾನೂ ನೀವೇ ಹೇಳಿಬಿಡ್ತೀರಿ."

ಬೇಜಾರೇನಿಲ್ಲ. ಕಾಯುತ್ತಾ ಕೂತರೆ ಪಾತ್ರೆ ಯಾರು ತೊಳೆಯುತ್ತಾರೆ?

ಏಪ್ರಿಲ್ 9, ಶುಕ್ರವಾರ

ಗಸ್ ಲಾರ್ಕಿನ್‌ನನ್ನು ಮಾರಿದೆ. ನಾಲ್ಕು ಸಾವಿರದ ಇನ್ನೂರು ಡಾಲರ್. ಓರಿನ್ ದಲ್ಲಾಳಿ ಹಣ ತೆಗೆದುಕೊಳ್ಳಲಿಲ್ಲ. ಕೊಂಡ ಮನುಷ್ಯ ಕಾರ್ಡನ್ನು ತಿರುಗಿಸಿ ಹಿಂಭಾಗವನ್ನೂ ನೋಡಲಿಲ್ಲ. ಹಿಂದೆ ಒಂದು ತಮಾಷೆಯ ಚಿತ್ರವಿದೆ: ಲಾರ್ಕಿನ್ ಹಂದಿಮರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಈ ದುಡ್ಡಿನಲ್ಲಿ ಚಳಿಗಾಲದವರೆಗೂ ಜನೇಲ್ ಬರಬಹುದು. ಸರಿಯಾದ ಕೆಲಸವನ್ನೇ ಮಾಡಿದ್ದೇನೆ.

ಏಪ್ರಿಲ್ 11, ಭಾನುವಾರ

ಪ್ರಾರ್ಥನೆ ಮುಗಿಸಿ ಬಂದಾಗ ಎಮಿಲ್ ಮೇಜಿನ ಮುಂದೆ ಕೂತಿದ್ದ. ಎಡಗೈಯಿಂದ ತಾನೇ ಪುಸ್ತಕ ಬಿಡಿಸಿಕೊಂಡಿದ್ದಾನೆ. ಲಾರ್ಕಿನ್ ಇದ್ದ ಪ್ಲಾಸ್ಟಿಕ್ ಕಿಸೆ ಖಾಲಿ. ಬೆರಳನ್ನು ಆ ಕಿಸೆಯೊಳಗೆ ತೂರಿಸಿ ಹುಡುಕುತ್ತಿದ್ದ.

"ನಿನ್ನನ್ನ ಕೇಳಿದೆನಲ್ಲ ಎಮಿಲ್! ಮಾರೋಣ್ವಾ ಅಂತ. ನೀನು ಸರಿ ಅಂದೆ!"

ಅವನು ನನ್ನನ್ನೇ ನೋಡಿದ. ಆ ಪದ ಎಂಥದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಅವನು ಬಾಯಿ ಬಿಡಲಿಲ್ಲ. ಅದನ್ನೂ ಹೇಳಲಿಲ್ಲ.

ಏಪ್ರಿಲ್ 12, ಸೋಮವಾರ

ಜನೇಲ್ ಬಂದಳು. ಎಮಿಲ್ ಗೋಡೆ ಕಡೆ ಮುಖ ತಿರುಗಿಸಿ ಕೂತ. ಅವನಿಗಾಗಿಯೇ ಮಾರಿದ್ದು, ಅವನೇ ಬೇಡವೆಂದರೆ?

ಏಪ್ರಿಲ್ 13

ಮಳೆ. ಸೂಪು.

ಮೇ 15, ಶನಿವಾರ

ಬಹಳ ದಿನ ಬರೆಯಲಿಲ್ಲ.

ಓರಿನ್ ಹತ್ತಿರ ಹೋಗಿ, ಇನ್ನೊಂದು ಲಾರ್ಕಿನ್ ಬೇಕು ಅಂದೆ. ಅವನು ಕನ್ನಡಕವನ್ನು ಹಣೆಗೇರಿಸಿದ. "ಅದೇ ಸ್ಥಿತೀದು ಈಗ ಆರು ಸಾವಿರ. ನೀವು ಮಾರಿದ್ದನ್ನೇ ಆತ ಇನ್ನೊಬ್ಬನಿಗೆ ಮಾರಿದ, ಅವನು ಮತ್ತೊಬ್ಬನಿಗೆ. ಮೂವರಲ್ಲಿ ಒಬ್ಬನೂ ಅದನ್ನ ಮನೆಗೆ ಒಯ್ದಿಲ್ಲ. ಬ್ಯಾಂಕಿನ ಪೆಟ್ಟಿಗೇಲಿದೆ."

"ಮೂಲೆ ಸವೆದದ್ದು?"

"ಸಾವಿರದ ಇನ್ನೂರು."

"ಮಡಿಕೆ ಬಿದ್ದದ್ದು?"

"ಒಂಬೈನೂರು. ಹಿಂದೆ ಗಮ್ ಅಂಟಿದ್ದು ಎಂಟುನೂರು. ಮೇಡಂ, ನಾಯಿ ಅಗಿದು ಬಿಟ್ಟದ್ದಕ್ಕೂ ಐನೂರು ಇದೆ ಈಗ."

"ನಾಯಿಗಿಂತ ಹೆಚ್ಚು ಕಷ್ಟಪಟ್ಟದ್ದು ಯಾವುದೂ ಇಲ್ವಾ?"

ಅಲ್ಲಿದ್ದ ಹುಡುಗರೂ ನಕ್ಕರು. ನನಗೆ ಮಾತ್ರ ಅಳು ಬರುವಂತಾಗಿತ್ತು. ಎಮಿಲ್ ಗೊಣಗುತ್ತಿದ್ದಾಗ ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಇಷ್ಟಪಟ್ಟ ವಸ್ತು ಕಣ್ಣ ಮುಂದೆಯೇ ಮೆಟ್ಟಿಲು ಹತ್ತಿ ಹೋಗುವುದನ್ನು ಕೆಳಗೆ ನಿಂತು ನೋಡುವುದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಜೂನ್ 17, ಗುರುವಾರ

ಸಿಕ್ಕಿತು! ಲೋರೇನ್ ಕಡೆ ಒಬ್ಬ ಮುದುಕಿ ಮನೆ ಖಾಲಿ ಮಾಡುತ್ತಿದ್ದಳು. ಗ್ಯಾರೇಜಿನಲ್ಲಿ ಮೇಜು ಹಾಕಿ ಹಳೆಯ ಸಾಮಾನನ್ನೆಲ್ಲ ಮಾರಾಟಕ್ಕಿಟ್ಟಿದ್ದಳು. ಈ ಬೇಸಿಗೆಯಲ್ಲಿ ಅಂಥ ಗ್ಯಾರೇಜುಗಳನ್ನು ಅದೆಷ್ಟು ಸುತ್ತಿದ್ದೇನೋ. ಬಿಸ್ಕತ್ತಿನ ಡಬ್ಬದೊಳಗೆ ಅಂಗಿಯ ಗುಂಡಿಗಳ ಜೊತೆ ಗಸ್ ಲಾರ್ಕಿನ್! ಯಾವುದೋ ಕಾಲದ ಮಗು ಅವನಿಗೆ ನೀಲಿ ಶಾಯಿಯಲ್ಲಿ ಮೀಸೆ, ಗಡ್ಡ, ಕನ್ನಡಕ ಬರೆದಿದೆ. ಸುತ್ತಲಿನ ಬಿಳಿ ಅಂಚನ್ನು ಕತ್ತರಿಯಿಂದ ಸೊಟ್ಟಗೆ ಕತ್ತರಿಸಿದೆ. ನಡುವೆ ಮೊಳೆಯ ತೂತು.

ಮುದುಕಿಗೆ ಬೆಲೆ ಗೊತ್ತಿರಲಿಲ್ಲ. "ಒಂದು ಡಾಲರ್ ಕೊಡಿ" ಎಂದಳು. ಕೊಟ್ಟು ಬರಬಹುದಿತ್ತು. "ಇದಕ್ಕೆ ಬೆಲೆ ಇದೆ ಕಣಮ್ಮ, ಇಂಥ ಗತಿಯಲ್ಲಿದ್ರೂ" ಎಂದೆ. ಇಬ್ಬರೂ ಬಹಳ ಹೊತ್ತು ಚೌಕಾಸಿ ಮಾಡಿದೆವು. ನಾನು ಏರಿಸುವುದು, ಅವಳು ನಾಚಿಕೊಂಡು ಇಳಿಸುವುದು. ಕೊನೆಗೆ ಅರವತ್ತಕ್ಕೆ ಒಪ್ಪಿ, ಗುಂಡಿಗಳನ್ನೂ ಕೊಟ್ಟಳು.

ಮನೆಗೆ ತಂದು ಎಮಿಲ್‌ನ ಎಡಗೈಯಲ್ಲಿಟ್ಟೆ. ಅವನು ಕಣ್ಣಿನ ಹತ್ತಿರ ಹಿಡಿದ. ತಿರುಗಿಸಿದ. ಮೀಸೆ ನೋಡಿದ. ತೂತಿನ ಮೂಲಕ ನನ್ನನ್ನು ನೋಡಿದ. ಅವನ ಬಾಯಿ ಏನನ್ನೋ ಅಗಿಯುವಂತೆ ಆಡತೊಡಗಿತು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿತು. ಏಳಲಿಲ್ಲ.

"ಕ... ಕಚಡಾ!" ಎಂದ.

ಸ್ಪಷ್ಟವಾಗಿ. ಗಂಟೆ ಹೊಡೆದ ಹಾಗೆ. ನನ್ನ ಗಂಡ ಏಳು ತಿಂಗಳ ಮೇಲೆ ಆಡಿದ ಮೊದಲ ಹೊಸ ಮಾತು, ನಾನು ತಂದ ಉಡುಗೊರೆಗೆ ಬೈಗುಳ.

"ಕಚಡಾನೇ! ಎಲ್ಲಾದ್ರೂ ಇದಕ್ಕಿಂತ ಕಚಡಾ ಇದ್ರೆ ತೋರಿಸು ನೋಡೋಣ!" ಎಂದೆ. ಅವನು ನಕ್ಕ, ನಾನೂ ನಕ್ಕೆ. ಕಣ್ಣೀರು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಪಾತ್ರೆ ಒರೆಸುವ ಬಟ್ಟೆ. ಆಮೇಲೆ ಅವನೇ ಅದನ್ನು ಖಾಲಿ ಕಿಸೆಗೆ ತೂರಿಸಿದ. ತುಂಬಾ ಹೊತ್ತು ಹಿಡಿಯಿತು. ಸೊಟ್ಟಗೆ ಕೂತಿದೆ.

ಹಾಲಿನ ಪಾತ್ರೆ ಸುಟ್ಟು ಹೋಯಿತು.

ಜುಲೈ 9, ಶುಕ್ರವಾರ

ಜನೇಲ್ ಈಗ ತನ್ನ ಬೆಕ್ಕು, ಬಟ್ಟಲು, ಕೊಡೆಗಳ ಚಿತ್ರಗಳನ್ನು ಬ್ಯಾಗಿನಿಂದ ತೆಗೆಯುವುದೇ ಇಲ್ಲ. ನಮ್ಮ ಕಾರ್ಡುಗಳನ್ನೇ ಒಂದೊಂದಾಗಿ ಎತ್ತಿ ಹಿಡಿಯುತ್ತಾಳೆ. "ಮಹೋನಿ" ಬಂತು. "ಎಡಗೈ" ಬಂತು. "ಕಚಡಾ" ಕರೆಯದೆಯೇ ಬರುತ್ತದೆ, ನನ್ನ ಎಲೆಕೋಸಿನ ಪಲ್ಯಕ್ಕೂ ಅದನ್ನೇ ಅಂದ. ನನ್ನ ಹೆಸರು ಇನ್ನೂ ಬಂದಿಲ್ಲ. ನನ್ನ ಕಾರ್ಡು ಯಾರೂ ಅಚ್ಚು ಹಾಕಿಸಿಲ್ಲವಲ್ಲ.

ಆಗಸ್ಟ್ 14, ಶನಿವಾರ

ಸ್ಟ್ರಾಂಗ್ಸ್‌ವಿಲ್‌ನಲ್ಲಿ ಕಾರ್ಡು ಮೇಳ. ಗಾಲಿಕುರ್ಚಿ ತಳ್ಳಿಕೊಂಡು ಎಮಿಲ್‌ನನ್ನೂ ಕರೆದೊಯ್ದೆ. ನಮಗೆ ಬೇಕಾದ ಮೂರರಲ್ಲಿ ಒಂದು, ಹ್ಯಾಂಕ್ ಡೆಲೇನಿ, ಒಬ್ಬನ ಮೇಜಿನ ಮೇಲಿತ್ತು. ಮೂಲೆಗಳು ಸೂಜಿಯಂತಿದ್ದರೂ ಬೆಲೆ ಅಷ್ಟೇನೂ ಇರಲಿಲ್ಲ. ಒಲೆ ಬದಲಿಸಲೆಂದು ಎತ್ತಿಟ್ಟದ್ದರಲ್ಲಿ ಆಗುವಂತಿತ್ತು. ನಾನು ಪರ್ಸು ತೆರೆದೆ.

ಎಮಿಲ್ ಕಾರ್ಡನ್ನು ಎತ್ತಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಮೇಜಿನ ಆಚೆಗೆ ತಳ್ಳಿದ. ನಾನು ಎಳೆದುಕೊಂಡೆ. ಮತ್ತೆ ತಳ್ಳಿದ.

"ಯಜಮಾನರಿಗೆ ಸ್ವಲ್ಪ ಗೊಂದಲ ಇರಬೇಕು ಪಾಪ" ಎಂದ ಮಾರುವವನು, ನನಗೆ ಮಾತ್ರ ಕೇಳುವ ಹಾಗೆ.

ಮಾರ್ಚಿನಲ್ಲಾಗಿದ್ದರೆ ಹೌದೆಂದು ತಲೆಯಾಡಿಸುತ್ತಿದ್ದೆನೋ ಏನೋ. "ಏನಾಗಿದೆ ಎಮಿಲ್?" ಎಂದು ಕೇಳಿ ಕುರ್ಚಿಯ ಪಕ್ಕ ಮಂಡಿಯೂರಿದೆ. ಹಿಂದೆ ಜನ ಸಾಲುಗಟ್ಟಿ ಗೊಣಗತೊಡಗಿದರು.

"ಕ... ಕತ್ರಿ" ಎಂದ ಎಮಿಲ್.

ಪಕ್ಕದ ಮೇಜಿನಿಂದ ಓರಿನ್ ಬಂದು, ಅದೇ ಸೆಟ್ಟಿನ ಇನ್ನೊಂದು ಕಾರ್ಡನ್ನು ಅದರ ಮೇಲಿಟ್ಟ. ಡೆಲೇನಿ ಒಂದು ಎಳೆ ಗಿಡ್ಡ. ಸವೆದ ಮೂಲೆ ಮರೆಸಲು ಯಾರೋ ಸುತ್ತಲೂ ಕತ್ತರಿಸಿದ್ದಾರೆ. ಮಾರುವವನು ಕೆಂಪಾಗಿ, ತನಗೂ ಗೊತ್ತಿರಲಿಲ್ಲವೆಂದು ಆಣೆ ಇಟ್ಟ. ಅದು ನಿಜ ಇದ್ದರೂ ಇರಬಹುದು.

"ನಮ್ಮ ಲಾರ್ಕಿನ್‌ನನ್ನೂ ಕತ್ತರಿಸಿದ್ದಾರೆ ಬಿಡಿ" ಎಂದೆ. "ಆದ್ರೆ ಆ ಮಗು ಯಾರಿಗೂ ಮೋಸ ಮಾಡೋಕೆ ಕತ್ತರಿಸಿದ್ದಲ್ಲ."

ದಾರಿಯಲ್ಲಿ ಐಸ್‌ಕ್ರೀಂ ತಿಂದೆವು.

ಅಕ್ಟೋಬರ್ 2, ಶನಿವಾರ

ಓರಿನ್ ಒಬ್ಬನನ್ನು ಕರೆತಂದ. ಷಿಕಾಗೋದವನು, ಹೆಸರು ಟ್ರೆಂಟ್ ವೈಲ್ಡರ್, ಮೂವತ್ತೂ ಆಗಿರಲಾರದು, ಹಾಲಿನಂಥ ಬಿಳಿ ಬೂಟು. ಹಿಂದಿನ ವಾರವೇ ಫೋನಿನಲ್ಲಿ ಹೇಳಿದ್ದ ಓರಿನ್, "ಬೆಲೆ ಕೇಳಿ ನಿಮಗೆ ತಿಳಿಸದೇ ಇದ್ರೆ ನನ್ನದು ತಪ್ಪಾಗುತ್ತೆ."

ವೈಲ್ಡರ್ ಪುಟಗಳನ್ನು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾ ಹೋದ. ಮೀಸೆಯ ಲಾರ್ಕಿನ್ ಬಂದಾಗ "ಇದು ಲೆಕ್ಕಕ್ಕಿಲ್ಲ" ಎಂದ. ಕೊನೆಗೆ ಒಂದು ಮೊತ್ತ ಹೇಳಿದ. ಇಡೀ ಮಾಡು ಹೊಸದಾಗಿ ಹಾಕಿಸಿ, ಕಾರು ಬದಲಿಸಿ, ಇನ್ನೂ ಮಿಗುವಷ್ಟು. ಪೌಲಾ ಫೋನಿನ ಆ ತುದಿಯಲ್ಲಿ "ಅಮ್ಮಾ, ಹ್ಞೂಂ ಅನ್ನು, ಹ್ಞೂಂ ಅನ್ನು" ಎನ್ನುತ್ತಿದ್ದಳು.

"ಕೊಂಡು ಏನು ಮಾಡ್ತೀಯಪ್ಪ?" ಎಂದೆ.

"ಬಿಡಿಸ್ತೀವಿ. ಒಳ್ಳೇದನ್ನೆಲ್ಲ ಒಂದೊಂದಾಗಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿಸಿ ಬೇರೆ ಬೇರೆ ಮಾರ್ತೀವಿ. ಇಡೀ ಸೆಟ್ ಈಗ ಯಾರಿಗೂ ಬೇಡ." ಆಮೇಲೆ ಎಮಿಲ್ ಕಡೆ ಗಲ್ಲ ಎತ್ತಿ, "ಇವರ ಸಹಿ ಬೇಕಾಗಬಹುದು. ಅರ್ಥ ಆಗುತ್ತಾ ಇವರಿಗೆ?"

"ಅವನನ್ನೇ ಕೇಳು. ಕೇಳಿ ಸುಮ್ಮನಿರು."

ವೈಲ್ಡರ್ ಕೇಳಿದ. ಸುಮ್ಮನಿರುವುದು ಅವನಿಗೆ ಕಷ್ಟವಾಯಿತು, ಬೂಟು ಕುಣಿಸುತ್ತಿದ್ದ. ಎಮಿಲ್ ಪುಸ್ತಕದ ಮೇಲೆ ಕೈಯಿಟ್ಟು ಕಿಟಕಿಯಾಚೆ ನೋಡಿದ. ಅವನು ಮಾರು ಅಂದರೆ ಮಾರುವುದೇ ಎಂದು ನಿಶ್ಚಯಿಸಿದ್ದೆ. ಹಾಗನ್ನದಿರಲಿ ಎಂದು ಮೇಜಿನ ಕೆಳಗೆ ಬೆರಳು ಬಿಗಿಹಿಡಿದಿದ್ದೆ.

"ಮೂ... ಮೂರು" ಎಂದ ಎಮಿಲ್.

"ಮೂರು ಪಟ್ಟಾ?" ವೈಲ್ಡರ್ ಹೌಹಾರಿದ. "ಸಾಧ್ಯಾನೇ ಇಲ್ಲ ಸಾರ್! ಬೇಕಾದ್ರೆ ಇನ್ನು ಹತ್ತು ಪರ್ಸೆಂಟ್..."

ಓರಿನ್ ಮೂಗು ಹಿಡಿದು ನಗು ತಡೆದುಕೊಂಡ. ನನ್ನಿಂದ ಆಗಲಿಲ್ಲ. "ಅಲ್ಲಪ್ಪ! ಇನ್ನೂ ಮೂರು ಕಾರ್ಡು ಬರಬೇಕು ಅಂತಿದಾನೆ. ಮುಗೀದೇ ಇರೋದನ್ನ ಹೇಗೆ ಮಾರ್ತಾರೆ?"

ಪೌಲಾ ಫೋನಿಟ್ಟುಬಿಟ್ಟಳು. ಅವಳ ಸಿಟ್ಟು ತಪ್ಪಲ್ಲ, ಬೀಳುತ್ತಿರುವುದು ಅವಳು ಬೆಳೆದ ಮನೆಯ ಮಾಡು. ಪಕ್ಕದ ಮನೆಯ ಸ್ಟಾನ್ಲಿ ಬಂದು ಡಾಂಬರು ಬಳಿದು ಕೊಟ್ಟಿದ್ದಾನೆ. ಈ ಚಳಿಗಾಲಕ್ಕೆ ತಡೆಯಬಹುದು. ಮಹಡಿಯ ಕೋಣೆಯಲ್ಲಿ ಬಕೆಟ್ಟು ಇಟ್ಟಿದ್ದೇನೆ.

ಡಿಸೆಂಬರ್ 24, ಶುಕ್ರವಾರ

ಪೌಲಾ ಬಂದಿದ್ದಾಳೆ. ಮಾಡಿನ ಮಾತು ಎತ್ತಲಿಲ್ಲ. ಊಟವಾದ ಮೇಲೆ ಅಪ್ಪ ಮಗಳು ಪುಸ್ತಕ ಬಿಡಿಸಿ ಕೂತರು. ಅವಳು ಪುಟ ತಿರುಗಿಸಲು ಬೆರಳಿಗೆ ಉಗುಳು ಹಚ್ಚಿದಳು. ನಾನೇ ಹೋಗಿ ಕೈ ಹಿಡಿದೆ. "ಹೋಗು, ತೊಳ್ಕೊಂಡು ಬಾ. ಒರೆಸ್ಕೊಂಡು ಬಾ" ಅಂದೆ. ಇಬ್ಬರೂ ನನ್ನನ್ನು ನೋಡಿ ಯಾಕೆ ನಕ್ಕರೋ.

ಮೇ 18, 2022, ಬುಧವಾರ

ಓರಿನ್ ಫೋನು ಮಾಡಿದ. ಸಾವಿನ ಸುದ್ದಿ ಹೇಳುವ ದನಿ.

"ಮಿಸೆಸ್ ಹ್ರಿಂಕೊ, ಕೂತಿದೀರಾ? ಬೆಲೆ ಬಿದ್ದುಹೋಯ್ತು. ಮೂರು ತಿಂಗಳಿಂದ ಇಳೀತಾನೇ ಇದೆ. ಆ ಫೋನು ಹುಡುಗರು ಒಬ್ಬರೂ ಈ ಕಡೆ ಬರ್ತಿಲ್ಲ. ವೈಲ್ಡರ್ ಹೇಳಿದ ಮೊತ್ತದಲ್ಲಿ ಈಗ ಅರ್ಧಾನೂ ಸಿಗಲ್ಲ. ನಾನು ಅವತ್ತು ಇನ್ನೂ ಸ್ವಲ್ಪ ಒತ್ತಾಯ ಮಾಡಬೇಕಿತ್ತು. ನನಗೆ ರಾತ್ರಿ ನಿದ್ದೆ ಬರ್ತಿಲ್ಲ."

"ಅರ್ಧ ಅಂದೆಯಾ?"

"ಕೆಲವು ಅರ್ಧಕ್ಕಿಂತ ಕಡಿಮೆ. ಕ್ಷಮಿಸಿ."

"ಡೆಲೇನಿ ಎಷ್ಟು?"

"ಏನಂದ್ರಿ?" ಎಂದ.

"ಓರಿನ್, ಡೆಲೇನಿ ಎಷ್ಟಾಗಿದೆ ಈಗ? ಮೂಲೆ ಸವೆದಿದ್ರೂ ಪರವಾಗಿಲ್ಲ. ಕತ್ತರಿ ಮಾತ್ರ ಬಿದ್ದಿರಬಾರದು."

ಅವನು ಬೆಲೆ ಹೇಳಿದ. ಫೋನಿಗೆ ಕೈ ಅಡ್ಡ ಹಿಡಿದು ನಾನು ಎಮಿಲ್‌ಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ. ಬಾಯಿ ಆಡಿತು. ಕಾದೆ. ಫೋನಿನೊಳಗೆ ಓರಿನ್ "ಹಲೋ? ಇದೀರಾ?" ಎನ್ನುತ್ತಿದ್ದ.

"ಇನ್ನೂ," ಎಂದ ಎಮಿಲ್, "ಇ... ಇಳೀಲಿ."

ಹೌದು, ಇನ್ನೂ ಸ್ವಲ್ಪ ಇಳಿಯಲಿ. ಶನಿವಾರ ಅಂಗಡಿಗೆ ಬರುತ್ತೇವೆ, ಒಳಗಿಟ್ಟ ಕುರ್ಚಿಗಳನ್ನು ಹೊರಗೆ ತೆಗೆ ಎಂದು ಓರಿನ್‌ಗೆ ಹೇಳಿದೆ.